ಬೀಗಕ್ಕೆ ಇನ್ನೊಂದು ಸುತ್ತು

ಬೆಳಕು ಹರಿಯುವ ಮೊದಲು ಅವಳು ನೀರಿನ ಮೋಟಾರು ಹಾಕುತ್ತಿದ್ದಳು, ತೊಟ್ಟಿಯ ಸದ್ದು ಬದಲಾದ ಕೂಡಲೇ ಓಡಿ ಆರಿಸುತ್ತಿದ್ದಳು. ರಾತ್ರಿ ನೆನೆಸಿಟ್ಟ ಬಟ್ಟೆ ಹಿಂಡುತ್ತಿದ್ದಳು. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಅನ್ನ; ಹಾಲು ಉಕ್ಕಿ ಬರುವಷ್ಟರಲ್ಲಿ ಮಗಳ ಸಮವಸ್ತ್ರಕ್ಕೆ ಇಸ್ತ್ರಿ. ಗಂಡನ ಕೆಲಸದ ಅಂಗಿಯ ಜೇಬಿನಿಂದ ಬಣ್ಣ ಮೆತ್ತಿದ ಚಿಂದಿ ತೆಗೆಯುವುದು, ಮಗಳ ಇನ್ನೊಂದು ಕಾಲುಚೀಲ ಹುಡುಕುವುದು, ಅತ್ತೆಯ ಮಾತ್ರೆಯನ್ನು ನೀರಿನ ಲೋಟದ ಪಕ್ಕ ಇಡುವುದು, ಊಟದ ಡಬ್ಬಿ ತುಂಬಿ ಮುಚ್ಚಳ ಬಿಗಿಯಾಗಿದೆಯೇ ಎಂದು ತಲೆಕೆಳಗು ಮಾಡಿ ನೋಡುವುದು, ಕಸದ ಬುಟ್ಟಿ ಬೀದಿಗೆ ಇಡುವುದು. ಇದೆಲ್ಲದರ ನಡುವೆ ಎಲ್ಲೋ ಒಂದು ಕಡೆ ತನ್ನ ತಲೆಯನ್ನೂ ಬಾಚಿಕೊಳ್ಳುತ್ತಿದ್ದಳು. ಎಲ್ಲಿ, ಯಾವಾಗ ಎಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಅವಳು ಮುಗಿಸಿದ ಮೇಲೆ ಎರಡನೆಯ ಪಾಳಿ. ಅದು ಅತ್ತೆಯದು.

ಅತ್ತೆ ಎದ್ದು ಬರುತ್ತಿದ್ದದ್ದೇ ಕೈ ಮುಂದೆ ಮಾಡಿಕೊಂಡು. ಗ್ಯಾಸಿನ ಗುಂಡಿ ಮುಟ್ಟುವರು. ನಲ್ಲಿಯ ತಿರುಪು ಮುಟ್ಟುವರು. ಇಸ್ತ್ರಿಪೆಟ್ಟಿಯ ವೈರನ್ನು ಪ್ಲಗ್ಗಿನಿಂದ ಕಿತ್ತಿಟ್ಟಿದ್ದಾಳೆಯೇ ನೋಡುವರು. ಹಿಂಡಿದ ಬಟ್ಟೆಯನ್ನು ಇನ್ನೊಮ್ಮೆ ಹಿಂಡುವರು, ಅದರಿಂದ ಎರಡು ಹನಿ ಬಿದ್ದರೆ ಸೊಸೆಯ ಕಡೆ ನೋಡುವರು, ಬೀಳದಿದ್ದರೆ ಬಟ್ಟೆಯ ಕಡೆ ನೋಡುವರು.

"ನಿನ್ನ ಮೇಲೆ ನಂಬಿಕೆ ಇಲ್ದೆ ಅಲ್ಲ ಕಣೇ," ಎನ್ನುತ್ತಿದ್ದರು. "ಒಂದ್ಸಲ ಮುಟ್ಟಿದ್ರೆ ಮನಸ್ಸಿಗೆ ಸಮಾಧಾನ, ಅಷ್ಟೇ."

"ಮುಟ್ಟಿ ಅತ್ತೆ, ಮುಟ್ಟಿ. ಗುಂಡಿ ಸವೆದು ಹೋದ್ರೆ ಹೊಸದು ಹಾಕಿಸೋಣ."

ಮನೆಗೆಲಸದಲ್ಲಿ ಗಂಡ ಇವರಿಬ್ಬರ ಹಿಂದೆ ಬಂದು ಯಾವುದನ್ನೂ ಮುಟ್ಟಿ ನೋಡುತ್ತಿರಲಿಲ್ಲ. ಮಾಡದವನಿಗೆ ನೋಡುವ ಕೆಲಸವೂ ಇರುವುದಿಲ್ಲ. ಅವನು ಮನೆಗಳ ಗೋಡೆಗೆ ಬಣ್ಣ ಬಳಿಯುವವನು. ಒಳ್ಳೆಯ ಕೆಲಸಗಾರ, ಕುಡಿಯುವವನಲ್ಲ, ಬಯ್ಯುವವನಲ್ಲ. ತನ್ನ ಬ್ರಷ್ಷನ್ನು ತಾನೇ ತೊಳೆದು ಒರೆಸಿ ಬಟ್ಟೆ ಸುತ್ತಿ ಇಡುತ್ತಿದ್ದ. ತಾನು ಚಹಾ ಕುಡಿದ ಲೋಟ ಮಾತ್ರ ಕುಡಿದ ಜಾಗದಲ್ಲೇ ಉಳಿಯುತ್ತಿತ್ತು, ಅದಕ್ಕೆ ಕಾಲು ಬಂದು ತಾನಾಗಿ ನಡೆದು ಹೋಗುತ್ತದೆ ಎಂಬಂತೆ.

ಹೀಗೆ ಪ್ರತಿ ಕೆಲಸಕ್ಕೂ ಹಿಂದೆ ಇನ್ನೊಂದು ಕೈ ಬರುವ ಮನೆಯಲ್ಲಿ ವರ್ಷಗಟ್ಟಲೆ ಬದುಕಿದ್ದಕ್ಕೋ ಏನೋ, ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಸಿಕ್ಕಿದ್ದು ತಪಾಸಣೆಯ ಕೆಲಸ. ಅಲ್ಲಿ ಅವಳ ಹೆಸರು ಭೂತಗನ್ನಡಿ. ಕಾಲರು, ತೋಳು, ಗುಂಡಿ ಎಲ್ಲ ಕೂಡಿಕೊಂಡು ಅಂಗಿ ಇವಳ ಕೈಗೆ ಬಂದರೆ ಇವಳು ಅದರ ಮುಖ ನೋಡುತ್ತಿರಲಿಲ್ಲ. ಮೊದಲು ಒಳಗು ಹೊರಗು ತಿರುಗಿಸುತ್ತಿದ್ದಳು. ಹೆಬ್ಬೆರಳನ್ನು ಹೊಲಿಗೆಯ ಮೇಲೆ ಕಂಕುಳಿನಿಂದ ಅಂಚಿನವರೆಗೆ ಓಡಿಸುತ್ತಿದ್ದಳು. ದಾರ ಎಲ್ಲಿ ಸಡಿಲವೋ ಅಲ್ಲಿ ಬೆರಳು ತಾನಾಗಿ ನಿಲ್ಲುತ್ತಿತ್ತು.

"ಈ ಬೆರಳಿಗೆ ವಿಮೆ ಮಾಡಿಸೇ," ಎನ್ನುತ್ತಿದ್ದಳು ಗುಂಡಿಯ ತೂತು ಹೊಲಿಯುವ ಯಂತ್ರದಲ್ಲಿ ಕೂರುತ್ತಿದ್ದ ಗೆಳತಿ. ಆ ತೂತಿಗೆ ಕಾಜಾ ಎಂದು ಹೆಸರು, ಅವಳನ್ನು ಎಲ್ಲರೂ ಕಾಜಾ ಅಕ್ಕ ಅನ್ನುತ್ತಿದ್ದರು. "ನಿನ್ನ ಗಂಡನನ್ನೂ ಹೀಗೇ ಒಳಗು ಹೊರಗು ಮಾಡಿ ನೋಡಿದ್ಯೇನೆ, ಮದುವೆಗೆ ಮುಂಚೆ?"

"ಆಗ ಬರೀ ಕಾಲರ್ ನೋಡಿ ಒಪ್ಪಿಕೊಂಡೆ ಕಣಕ್ಕ. ಇಸ್ತ್ರಿ ಚೆನ್ನಾಗಿತ್ತು."

ಸಾಲಿನಲ್ಲಿ ತಪಾಸಣೆ ಮಾಡುವವರು ನಿಂತೇ ಕೆಲಸ ಮಾಡಬೇಕು. ಮನೆಯಲ್ಲೂ ನಿಂತು, ಇಲ್ಲೂ ನಿಂತು, ಅವಳ ಹಿಮ್ಮಡಿಗಳು ಸಂಜೆಯ ಹೊತ್ತಿಗೆ ಬೇರೆ ಯಾರದ್ದೋ ಅನ್ನಿಸುತ್ತಿದ್ದವು. ಆ ದೊಡ್ಡ ಕೋಣೆಯಲ್ಲಿ ಕೂತು ತಪಾಸಣೆ ಮಾಡುವ ಜಾಗ ಒಂದೇ: ಕೊನೆಯ ಮೇಜು. ಅದಕ್ಕೆ ಬೆನ್ನಿರುವ ಕುರ್ಚಿ, ಪಕ್ಕದಲ್ಲಿ ಕಿಟಕಿ, ಕಿಟಕಿಯಾಚೆ ಯಾವಾಗಲೂ ಏನಾದರೂ ತಿನ್ನುತ್ತಾ ಕೂತ ಒಂದು ಅಳಿಲು. ರಟ್ಟಿನ ಪೆಟ್ಟಿಗೆಗೆ ಹೋಗುವ ಮೊದಲು ಅಂಗಿಯನ್ನು ಕೊನೆಯ ಸಲ ನೋಡುವ ಮೇಜು ಅದು. ಅಲ್ಲಿ ಕೂರುತ್ತಿದ್ದ ಹಿರಿಯ ಹೆಂಗಸು ಕೆಲಸ ಬಿಡುವವಳಿದ್ದಳು.

ಮೇಲ್ವಿಚಾರಕ ಒಂದು ದಿನ ಇವಳ ಹತ್ತಿರ ಬಂದು ನಿಂತ. "ಭೂತಗನ್ನಡಿ, ನಿನ್ನ ಕಣ್ಣಿಗೆ ಆ ಮೇಜು ಸರಿ ಹೊಂದುತ್ತೆ. ನಿನ್ನ ಬಾಯಿಗೆ?"

"ಬಾಯಿಗೇನಾಗಿದೆ?"

"ಅಂಗಿ ಕೊಳ್ಳೋ ಕಂಪನಿಯ ಮೇಡಂ ಬಂದಾಗ ಆ ಮೇಜಿನ ಹತ್ರಾನೇ ಕೂರ್ತಾರೆ. ಇದು ಯಾಕೆ ಬದಿಗಿಟ್ರಿ, ಇದರ ಮೇಲೆ ಏನು ಅನುಮಾನ ಅಂತ ಕೇಳ್ತಾರೆ. ಅವರಿಗೆ ಬರೋದು ಇಂಗ್ಲಿಷ್ ಒಂದೇ. ಮುಂದಿನ ಸಲ ಅವರು ಬರೋವಾಗ ನೀನು ಮಾತಾಡಿದ್ರೆ ಮೇಜು ನಿನ್ನದು. ಇಲ್ಲಾಂದ್ರೆ ಹೊರಗಿನವರು ಯಾರನ್ನಾದ್ರೂ ತರ್ತಾರೆ."

ಶಾಲೆಯಲ್ಲಿ ಕಲಿತ ಇಂಗ್ಲಿಷು ಅವಳಲ್ಲಿ ಇತ್ತು, ಹಳೆಯ ಸ್ವೆಟರಿನಂತೆ, ಎಲ್ಲೋ ಪೆಟ್ಟಿಗೆಯ ತಳದಲ್ಲಿ. ಹೊರತೆಗೆದು ಬಿಸಿಲಿಗೆ ಹಾಕಬೇಕಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಒಬ್ಬ ಹೆಂಗಸು ಇಂಗ್ಲಿಷ್ ಮಾತು ಕಲಿಸುತ್ತಾಳೆ ಎಂದು ಕಾಜಾ ಅಕ್ಕ ಪತ್ತೆ ಮಾಡಿಕೊಟ್ಟಳು. ಆಕೆ ಮೊದಲು ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವರು. ಎಲ್ಲರಿಗೂ ಟೀಚರಮ್ಮ. ಕೋಣೆ ಚಿಕ್ಕದು, ಬೆಂಚುಗಳು ಕಡಿಮೆ, ಸೇರಲು ಕಾಯುವವರು ಹೆಚ್ಚು. ಹಾಗಾಗಿ ಟೀಚರಮ್ಮನ ನಿಯಮ ಕಟ್ಟುನಿಟ್ಟು: ಹಲವು ಸಲ ತಪ್ಪಿಸಿಕೊಂಡರೆ ಬೆಂಚಿನ ಜಾಗ ಬೇರೆಯವರಿಗೆ.

ಮನೆಯಲ್ಲಿ ಇದನ್ನು ಹೇಳಿದ ಸಂಜೆ ಗಂಡ ಖುಷಿಪಟ್ಟ. "ಕಲಿ ಕಲಿ, ಒಳ್ಳೇದೇ."

"ಕ್ಲಾಸಿನ ದಿನ ಸಂಜೆ ಅಡುಗೆ ನಿಮ್ದು."

ಖುಷಿ ಸ್ವಲ್ಪ ಇಳಿಯಿತು. "ನನಗೆ ಬರಲ್ವಲ್ಲ."

"ಬಣ್ಣ ಕಲಸೋಕೆ ಬರುತ್ತಲ್ಲ. ಎಷ್ಟಕ್ಕೆ ಎಷ್ಟು ನೀರು, ಯಾವಾಗ ತಿರುವಬೇಕು, ಯಾವಾಗ ಬಿಡಬೇಕು. ಅದೇ."

"ಬಣ್ಣ ತಿನ್ನಲ್ಲ ಯಾರೂ."

"ನೀವು ಮಾಡಿದ್ದನ್ನ ತಿಂತೀವೋ ಇಲ್ವೋ, ಅದು ಆಮೇಲಿನ ಮಾತು," ಎಂದು ಅವಳು ಅತ್ತೆಯ ಎದುರಿಗೇ ಅಂದಳು. ಅತ್ತೆ ನಕ್ಕರು, ಮಗಳು ನಕ್ಕಳು, ಕೊನೆಗೆ ಅವನೂ ನಕ್ಕ. ನಕ್ಕ ಮೇಲೆ ಒಪ್ಪಿಕೊಂಡಂತೆಯೇ.

ಕ್ಲಾಸಿನಲ್ಲಿ ಅವಳ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವನು ಒಬ್ಬ ಟ್ಯಾಕ್ಸಿ ಚಾಲಕ. ದೊಡ್ಡ ಮೈ, ದೊಡ್ಡ ದನಿ, ಇಂಗ್ಲಿಷ್ ಬಾಯಿಗೆ ಬಂದಾಗ ಮಾತ್ರ ದನಿ ಇಲಿಯಷ್ಟಾಗುತ್ತಿತ್ತು. ಟೀಚರಮ್ಮ ಪ್ರತಿಯೊಬ್ಬರಿಗೂ ಅವರವರ ಕೆಲಸದ ಮಾತನ್ನೇ ಆಡಿಸುತ್ತಿದ್ದರು. ಇವಳ ಸರದಿ ಬಂದಾಗ ತಾವೇ ಅಂಗಿ ಕೊಳ್ಳುವ ಮೇಡಂ ಆಗಿ, ಕಾಲ ಮೇಲೆ ಕಾಲು ಹಾಕಿ, ತಮ್ಮ ಸ್ವೆಟರನ್ನೇ ಮೇಜಿನ ಮೇಲೆ ಹರಡಿ, "ಇದರಲ್ಲೇನು ತೊಂದರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಇವಳು ಸ್ವೆಟರನ್ನು ಒಳಗು ಹೊರಗು ಮಾಡಿದಳು. ಬೆರಳು ಓಡಿಸಿದಳು. ಬೆರಳು ನಿಂತ ಜಾಗ ತೋರಿಸಿ, ಧೈರ್ಯ ಮಾಡಿ ಅಂದಳು: "ಐ ಡೌಟ್ ದಿಸ್ ಸ್ಟಿಚ್ ಈಸ್ ವೀಕ್."

"ಓ, ಹಾಗಾದ್ರೆ ಸರಿ," ಎಂದರು ಟೀಚರಮ್ಮ. "ಪೆಟ್ಟಿಗೆಗೆ ಹಾಕಿ ಕಳಿಸಿಬಿಡಿ!"

"ಅಯ್ಯೋ ಇಲ್ಲ, ಹೊಲಿಗೆ ಸಡಿಲ ಇದೆ ಅಂದೆ!"

"ನೀವಂದದ್ದು, ಸಡಿಲ ಇರಲಿಕ್ಕಿಲ್ಲ ಅಂತ. ನಾವು ಮನೇಲಿ ಎಲ್ಲದಕ್ಕೂ ಡೌಟು ಅಂತೀವಿ. ಮಳೆ ಬರುತ್ತೆ ಅಂತ ಡೌಟು, ಬರಲ್ಲ ಅಂತಾನೂ ಡೌಟು, ಪಾಠ ತಿಳೀಲಿಲ್ಲ ಅಂದ್ರೂ ಡೌಟು. ಆ ಮೇಡಮ್ಮಿನ ಕಿವಿಗೆ ಹಾಗಲ್ಲ. ಹೀಗಿರಲಾರದು ಅಂತ ಮನಸ್ಸು ಹೇಳಿದ್ರೆ ಡೌಟ್. ಹೀಗೇ ಇರಬೇಕು, ಆದ್ರೆ ಇನ್ನೂ ಖಾತ್ರಿ ಇಲ್ಲ ಅಂದ್ರೆ ಸಸ್ಪೆಕ್ಟ್. ನಿಮ್ಮ ಬೆರಳು ನಿಂತಾಗ ನಿಮಗೆ ಆಗೋದು ಯಾವುದು?"

ಅವಳು ಬೆರಳನ್ನು ನೋಡಿಕೊಂಡಳು. "ಸಸ್ಪೆಕ್ಟ್."

"ನನ್ನ ಗಾಡೀಲಿ ಕೂತು 'ದುಡ್ಡು ಆಮೇಲೆ ಕೊಡ್ತೀನಿ' ಅಂತಾರಲ್ಲ, ಅವರಿಗೆ?" ಎಂದ ಟ್ಯಾಕ್ಸಿ ಚಾಲಕ.

"ಅವರು ಕೊಡೋದು ಡೌಟ್. ಓಡಿಹೋಗ್ತಾರೆ ಅನ್ನೋದು ಸಸ್ಪೆಕ್ಟ್."

"ಅಂದ್ರೆ ಒಬ್ಬನೇ ಮನುಷ್ಯನಿಗೆ ಎರಡೂ!"

"ಎರಡೂ. ಇನ್ನೂ ಎರಡಿದೆ, ಡಿಸ್‌ಟ್ರಸ್ಟ್, ಮಿಸ್‌ಟ್ರಸ್ಟ್. ಎರಡೂ ಅಪನಂಬಿಕೆಯೇ. ಬಹಳ ಜನ ಒಂದರ ಜಾಗದಲ್ಲಿ ಇನ್ನೊಂದನ್ನ ಬಳಸ್ತಾರೆ, ಯಾರೂ ಕಿವಿ ಹಿಂಡಲ್ಲ. ಆದ್ರೆ ಸೂಕ್ಷ್ಮವಾಗಿ ಮಾತಾಡೋರು ಸ್ವಲ್ಪ ಬೇರೆ ಮಾಡ್ತಾರೆ. ಒಮ್ಮೆ ಕೈ ಸುಟ್ಟುಕೊಂಡು, ಕಾರಣ ಗೊತ್ತಿದ್ದು ನಂಬದೇ ಇರೋದು ಡಿಸ್‌ಟ್ರಸ್ಟ್. ಕಾರಣ ಕೇಳಿದ್ರೆ ಹೇಳೋಕೆ ಬರಲ್ಲ, ಸುಮ್ನೆ ಮೈಯಲ್ಲೇ ಇರುತ್ತೆ, ಅದು ಮಿಸ್‌ಟ್ರಸ್ಟ್. ಮುಂದಿನ ಕ್ಲಾಸಿಗೆ ಒಂದೊಂದು ಉದಾಹರಣೆ ತನ್ನಿ. ಪುಸ್ತಕದ್ದು ಬೇಡ. ನಿಮ್ಮನಿಮ್ಮ ಮನೇದು."

ಮನೆಯದ್ದೇ ಬೇಕಾದರೆ ಅವಳ ಬಳಿ ಬೀಗದ ಕತೆ ಇತ್ತು. ಮುಂದಿನ ಕ್ಲಾಸಿನಲ್ಲಿ ಎದ್ದು ನಿಂತು, ಗೊತ್ತಿದ್ದ ಇಂಗ್ಲಿಷಿನಲ್ಲಿ ಅರ್ಧ, ಕೈ ಬೀಸಿ ಅರ್ಧ ಅದನ್ನು ಹೇಳಿದಳು.

ಅವರ ಮುಂಬಾಗಿಲಿಗೆ ಒಂದು ಮುದಿ ಬೀಗ ಇತ್ತು. ಕೀಲಿಯನ್ನು ಒಂದು ಸುತ್ತು ತಿರುಗಿಸಿದರೆ ಬೀಗ ಬೀಳುತ್ತದೆ, ಇನ್ನೊಂದು ಸುತ್ತಿಗೆ ತೆರೆದುಕೊಳ್ಳುತ್ತದೆ. ಯಾವ ಕಡೆ ತಿರುಗಿಸಿದರೂ ಅದಕ್ಕೆ ಒಂದೇ. ಮನೆಯವರೆಲ್ಲರ ಹತ್ತಿರವೂ ಒಂದೊಂದು ಕೀಲಿ. ಒಂದು ರಜಾದಿನ ಎಲ್ಲರೂ ನಾದಿನಿಯ ಮನೆಗೆ ಹೊರಟರು. ಅವಳು ಬೀಗ ಹಾಕಿದಳು. ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುವ ನೆಪದಲ್ಲಿ ಅತ್ತೆ ಹಿಂದೆ ಉಳಿದು ತಮ್ಮ ಕೀಲಿಯಿಂದ ಒಂದು ಸುತ್ತು ಹಾಕಿದರು. ಬೀದಿಯ ತಿರುವಿಗೆ ಬಂದ ಮೇಲೆ ಗಂಡ, "ಛತ್ರಿ ಮರೆತೆ," ಎಂದು ವಾಪಸು ಹೋದ. ಹೆಂಡತಿ ಹಾಕಿದ ಬೀಗಕ್ಕೆ ತನ್ನದೂ ಒಂದು ಸುತ್ತು ಕೊಟ್ಟು, ಛತ್ರಿ ಇಲ್ಲದೆಯೇ ಬಂದ. ಅಪ್ಪ ಹೋಗಿ ಬಂದದ್ದನ್ನು ನೋಡಿದ ಮಗಳಿಗೆ, ಅಪ್ಪ ಮಾಡಿದ್ದನ್ನು ಯಾರಾದರೂ ನೋಡಬೇಕಲ್ಲ ಅನ್ನಿಸಿ, ಅವಳೂ ಓಡಿ ಹೋಗಿ ಒಂದು ಸುತ್ತು. ಒಟ್ಟು ಎಷ್ಟು ಸುತ್ತು ಬಿತ್ತು ಎಂದು ಯಾರಿಗೂ ಗೊತ್ತಿಲ್ಲ. ಸಂಜೆ ಬಂದು ನೋಡಿದರೆ ಬಾಗಿಲು ಹಾರು ಹೊಡೆದಿತ್ತು. ಒಳಗೆ ಒಂದು ಚಮಚವೂ ಕಳುವಾಗಿರಲಿಲ್ಲ. ಹಾಸಿಗೆಯ ನಟ್ಟನಡುವೆ ಪಕ್ಕದ ಮನೆಯ ಬೆಕ್ಕು ಮಲಗಿತ್ತು, ಇಷ್ಟು ಬೇಗ ಯಾಕೆ ಬಂದಿರಿ ಎಂದು ಕೇಳುವ ಹಾಗೆ ಒಂದು ಕಣ್ಣು ತೆರೆಯಿತು. ಆ ರಾತ್ರಿ ಮನೆಯಲ್ಲಿ ದೊಡ್ಡ ಜಗಳ. ಎಲ್ಲರೂ ಆಣೆ ಮಾಡಿ ಹೇಳಿದ್ದು ಒಂದೇ ಮಾತು: "ಕೊನೇಲಿ ಬೀಗ ಹಾಕಿದ್ದು ನಾನೇ!"

ಟೀಚರಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಟ್ಯಾಕ್ಸಿ ಚಾಲಕ ನಕ್ಕ ರಭಸಕ್ಕೆ ಬೆಂಚು ಗಡಗಡ ಅಂದಿತು. "ಆ ಮನೇಲಿ ನಿಶ್ಚಿಂತೆಯಾಗಿ ಇದ್ದದ್ದು ಬೆಕ್ಕು ಒಂದೇ!"

"ಈಗ ಹೇಳಿ," ಎಂದರು ಟೀಚರಮ್ಮ, "ಇದು ಯಾವುದು? ಬೀಗ ಹಾಕೋದ್ರಲ್ಲಿ ನೀವು ಯಾವತ್ತಾದ್ರೂ ತಪ್ಪಿದ್ದು ಉಂಟಾ?"

"ಇಲ್ಲ ಮೇಡಂ."

"ಹಾಗಾದ್ರೆ ಅವರ ಹತ್ರ ಕಾರಣ ಇಲ್ಲ. ಮಿಸ್‌ಟ್ರಸ್ಟ್. ಇನ್ನೊಂದಕ್ಕೆ?"

"ಇನ್ನೊಂದಕ್ಕೆ ನನ್ನ ಗಂಡನ ಅಡುಗೆ," ಎಂದಳು. "ಅದಕ್ಕೆ ಕಾರಣ ಇದೆ. ಕಪ್ಪಗಿದೆ."

ಕಪ್ಪಗಿತ್ತು, ನಿಜ. ಮೊದಲ ವಾರದಲ್ಲೇ ಮಗಳು ಫೋನು ಮಾಡಿ, "ಅಮ್ಮಾ, ಆಲೂಗಡ್ಡೆ ಇದ್ದಿಲಾಗಿದೆ, ಅಪ್ಪ ಬಾಣಲೆ ಹಿಡ್ಕೊಂಡು ಮಾತಾಡ್ತಾನೇ ಇಲ್ಲ," ಎಂದಿದ್ದಳು. ಅವಳು ಅರ್ಧ ಕ್ಲಾಸಿನಿಂದ ಎದ್ದು ಓಡಿದಳು. ಅಲ್ಲಿಗೆ ಒಂದು ಕ್ಲಾಸು ತಪ್ಪಿತು. ಇನ್ನೊಂದು ಸಲ ಯಾರೂ ಕರೆಯಲಿಲ್ಲ. ಕಾರ್ಖಾನೆಯಿಂದ ಕ್ಲಾಸಿಗೆ ಹೋಗುವ ದಾರಿಯಲ್ಲಿ ಅವಳ ಬೀದಿಯ ತಿರುವು ಸಿಗುತ್ತದೆ. ಅಲ್ಲಿ ಬಂದಾಗ ಕಾಲು ತಾನಾಗಿ ಮನೆಯ ಕಡೆ ತಿರುಗಿತು. ಹೋಗಿ ನೋಡಿದರೆ ಅಡುಗೆಮನೆಯ ದೀಪವೇ ಹಾಕಿರಲಿಲ್ಲ. ಗಂಡ ಕಾಲು ಚಾಚಿ ಟಿವಿ ನೋಡುತ್ತಿದ್ದ.

"ಇನ್ನೂ ಶುರು ಮಾಡಿಲ್ವಾ?"

"ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು," ಎಂದ, ತುಂಬ ಪ್ರೀತಿಯಿಂದ.

ಆ ಪ್ರೀತಿಯನ್ನು ಅವಳು ರಾತ್ರಿಯೆಲ್ಲ ಒಳಗು ಹೊರಗು ಮಾಡಿ ನೋಡಿದಳು. ಬೆರಳು ಒಂದು ಕಡೆ ನಿಂತಿತು. ತನಗೆ ಬರುವುದಿಲ್ಲ ಎಂದು ಹೇಳಿಕೊಂಡು ಗಂಡಸು ಪಡೆಯುವ ರಜೆಗೆ ಕೊನೆಯೇ ಇಲ್ಲ. ಅದನ್ನು ಮಂಜೂರು ಮಾಡುತ್ತಿರುವವಳು ತಾನೇ. ಬೆಳಿಗ್ಗೆ ಎದ್ದು, ಹಾಲಿನ ಪಾತ್ರೆ ಕೆಳಗಿಡುತ್ತಾ ಖಡಾಖಂಡಿತವಾಗಿ ಹೇಳಿದಳು: "ಇವತ್ತಿಂದ ನಾನು ಬರಲ್ಲ. ಹಸಿದುಕೊಂಡು ಮಲಗೋದಾದ್ರೆ ಎಲ್ಲರೂ ಮಲಗೋಣ."

ಹೇಳಿದವಳೇ ಮುಂದಿನ ಕ್ಲಾಸಿನ ದಿನ ಮತ್ತೆ ಅದೇ ತಿರುವಿನಲ್ಲಿ ತಿರುಗಿದಳು. ಸುಮ್ಮನೆ ಒಂದು ಸಲ ಮುಟ್ಟಿ ಬಂದುಬಿಡೋಣ, ಆಮೇಲೆ ಓಡಿದರಾಯಿತು ಎಂದುಕೊಂಡು.

ಅಡುಗೆಮನೆಯಲ್ಲಿ ದೀಪ ಇತ್ತು. ಅನ್ನ ಬೆಂದಿತ್ತು. ತರಕಾರಿಯೂ ಇತ್ತು, ಹೋಳುಗಳು ಒಂದೊಂದು ಒಂದೊಂದು ಅಳತೆಯವು, ಆದರೆ ಬೆಂದಿದ್ದವು. ಪಾತ್ರೆಗಳನ್ನು ತೊಳೆದು ಸಾಲಾಗಿ ಕವುಚಿ ಹಾಕಿದ್ದ, ಬ್ರಷ್ಷು ಇಡುವ ಹಾಗೆಯೇ ಅಚ್ಚುಕಟ್ಟಾಗಿ. ಗಂಡ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಅವನ ಮುಖದಲ್ಲಿ ಬಹುಮಾನಕ್ಕೆ ಕಾಯುವ ಮಗುವಿನ ಹೊಳಪು.

ಅವಳು ಚೀಲ ಕೆಳಗಿಟ್ಟಳು. ಕವುಚಿದ್ದ ಒಂದು ಪಾತ್ರೆ ಎತ್ತಿದಳು. ಒಳಗೆ ಹೆಬ್ಬೆರಳು ಓಡಿಸಿದಳು. ನಲ್ಲಿ ತಿರುಗಿಸಿದಳು, ನಾರು ತೆಗೆದುಕೊಂಡಳು, ತೊಳೆಯತೊಡಗಿದಳು. ಎರಡನೆಯದನ್ನು ಕೈಗೆ ತೆಗೆದುಕೊಂಡಾಗಲೇ ಅವಳಿಗೆ ತಾನು ಏನು ಮಾಡುತ್ತಿದ್ದೇನೆ ಎಂಬುದು ಕಂಡದ್ದು.

"ಕೊಳೆ ಇತ್ತಾ?" ಎಂದ ಗಂಡ.

"ಇಲ್ಲ."

"ಮತ್ತೆ?"

ಅವಳು ನಲ್ಲಿ ನಿಲ್ಲಿಸಿದಳು. ಅವನು ಟವೆಲನ್ನು ಮೊಳೆಗೆ ಹಾಕಿದ. "ಸರಿ ಬಿಡು. ನೀನೇ ತೊಳಿಯೋದಾದ್ರೆ ನಾನ್ಯಾಕೆ ಕೈ ನೆನೆಸಲಿ?" ಎಂದು ಹೊರಗೆ ಹೋಗಿ ಕೂತ.

ಬಾಗಿಲಿಗೆ ಒರಗಿ ನಿಂತಿದ್ದ ಅತ್ತೆ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ತಡೆಯಲಾರದೆ ಜೋರಾಗಿ ನಕ್ಕುಬಿಟ್ಟರು.

"ಏನತ್ತೆ, ನಗ್ತೀರಿ?"

"ನಾನು ಸತ್ತ ಮೇಲೆ ಈ ಮನೇಲಿ ಗುಂಡಿ ಮುಟ್ಟೋರು ಯಾರು ಅಂತ ಚಿಂತೆ ಇತ್ತು ಕಣೇ. ಈಗ ಹೋಯ್ತು. ನನ್ನ ಸೊಸೆ ತಯಾರಾಗಿದ್ದಾಳೆ."

ಅವಳು ಸಿಟ್ಟಾಗಲು ನೋಡಿದಳು, ಆಗಲಿಲ್ಲ. ಕೈಯಲ್ಲಿದ್ದ ಸ್ವಚ್ಛವಾದ ಪಾತ್ರೆಯಿಂದ ಸ್ವಚ್ಛವಾದ ನೀರು ತೊಟ್ಟಿಕ್ಕುತ್ತಿತ್ತು. ತಾನೂ ನಕ್ಕಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತರು. ಆ ಮನೆಗೆ ಬಂದಂದಿನಿಂದ ಆ ನೆಲವನ್ನು ಎಷ್ಟು ಒರೆಸಿದ್ದಳೋ, ಅದರ ಮೇಲೆ ಸುಮ್ಮನೆ ಕೂತದ್ದು ನೆನಪಿರಲಿಲ್ಲ.

"ನನ್ನತ್ತೇನೂ ನನ್ನ ಹಿಂದೆ ಹೀಗೇ ಬರೋರು," ಎಂದರು ಅತ್ತೆ. "ಅವರು ಹೋದ ಮೇಲೆ ನನಗೆ ಹಾಯಾಗಬೇಕಿತ್ತು ನೋಡು, ಆಗ್ಲಿಲ್ಲ. ಹಿಂದೆ ಯಾರೂ ಬರ್ತಿಲ್ವಲ್ಲ ಅಂತ ಭಯ. ನಾನು ಮಾಡಿದ ಕೆಲಸದ ಹಿಂದೆ ನಾನೇ ಬರೋಕೆ ಶುರು ಮಾಡ್ದೆ. ನೀನು ಬಂದ್ಮೇಲೆ ಸುಲಭ ಆಯ್ತು. ಮುಂದೆ ನೀನು, ಹಿಂದೆ ನಾನು." ಸೊಸೆಯ ಕಡೆ ತಿರುಗಿ ಕೇಳಿದರು, "ಆ ನಿನ್ನ ಇಂಗ್ಲಿಷಿನಲ್ಲಿ ನನಗೇನಂತಾರೆ?"

"ಮಿಸ್‌ಟ್ರಸ್ಟ್. ಕಾರಣ ಇರಲ್ಲ, ಮೈಯಲ್ಲೇ ಇರುತ್ತೆ."

"ಆಹಾ. ಚೆನ್ನಾಗೇ ಇದೆ ಕೇಳೋಕೆ. ನನ್ನ ಮಗನ ಮೇಲೆ ನಿನಗಿರೋದಕ್ಕೆ?"

"ಡಿಸ್‌ಟ್ರಸ್ಟ್. ಅದಕ್ಕೆ ಪುರಾವೆ ಬೇಕು."

"ಹೌದಾ?" ಅತ್ತೆ ಕವುಚಿದ ಪಾತ್ರೆಗಳ ಕಡೆ ಗದ್ದ ಎತ್ತಿ ತೋರಿಸಿದರು. "ಇವತ್ತು ಎಲ್ಲಿದೆ ಪುರಾವೆ?"

ಅವಳು ಪಾತ್ರೆಗಳನ್ನು ನೋಡಿದಳು. ಎಲ್ಲವೂ ಥಳಥಳ. ಒಂದರ ಹಿಂಭಾಗದ ಮಸಿಯನ್ನೂ ಅವನು ಬಿಟ್ಟಿರಲಿಲ್ಲ. ಅಷ್ಟು ತನ್ನಿಂದಲೂ ಆಗಿರಲಿಲ್ಲ. ಇಷ್ಟು ದಿನ ತನ್ನ ಬಳಿ ಗಟ್ಟಿ ಕಾರಣ ಇದೆ ಎಂದುಕೊಂಡಿದ್ದಳು. ಈ ಸಂಜೆ ಕಾರಣ ಹೋಗಿಬಿಟ್ಟಿದೆ, ಕೈ ಮಾತ್ರ ಹಾಗೆಯೇ ಉಳಿದಿದೆ.

ಅಂದಿನ ಕ್ಲಾಸೂ ತಪ್ಪಿತ್ತು. ಮರುದಿನ ಟೀಚರಮ್ಮ ಫೋನು ಮಾಡಿದರು. ದನಿಯಲ್ಲಿ ನಗು ಇರಲಿಲ್ಲ. "ನೋಡಿ, ನಿಮ್ಮನ್ನ ಕಳಕೊಳ್ಳೋಕೆ ನನಗೆ ಇಷ್ಟ ಇಲ್ಲ. ಆದ್ರೆ ಇನ್ನೊಂದು ಸಲ ತಪ್ಪಿದ್ರೆ ಆ ಜಾಗ ಕಾಯ್ತಾ ಇರೋ ಹುಡುಗೀಗೆ. ನಿಮ್ಮ ಮೇಡಂ ಬರೋ ಮುಂಚೆ ಉಳಿದಿರೋದು ಗುರುವಾರದ ಕ್ಲಾಸು. ಅವತ್ತು ನಿಮ್ಮ ಕೈಲಿ ಪೂರ್ತಿ ಮಾತಾಡಿಸ್ತೀನಿ. ಬರಲೇಬೇಕು."

ಕೊನೆಯ ಮೇಜು, ಬೆನ್ನಿರುವ ಕುರ್ಚಿ, ಅಳಿಲು, ಎಲ್ಲವೂ ಆ ಗುರುವಾರದ ಮೇಲೆ ನಿಂತಿತ್ತು.

ಗಂಡನ ಮುನಿಸು ಇಳಿಸಲು ಅವಳು ಸುತ್ತು ಬಳಸಲಿಲ್ಲ. ಅವನು ಬ್ರಷ್ಷು ಒರೆಸುತ್ತಿದ್ದಾಗ ಹೋಗಿ ಎದುರಿಗೆ ನಿಂತಳು. "ಪಾತ್ರೆ ಸ್ವಚ್ಛವಾಗಿತ್ತು. ನಾನು ಮತ್ತೆ ತೊಳೆದದ್ದು ತಪ್ಪು."

ಅವನು ಬ್ರಷ್ಷಿನ ಕೂದಲು ನೇರ ಮಾಡುತ್ತಾ, "ತರಕಾರಿ?" ಎಂದ.

"ತರಕಾರಿ ಬೆಂದಿತ್ತು."

"ಬೆಂದಿತ್ತು ಅಂದ್ರೆ?"

"ಬೆಂದಿತ್ತು ಅಂದ್ರೆ ಬೆಂದಿತ್ತು. ಅದಕ್ಕಿಂತ ಹೆಚ್ಚು ಹೇಳೋಕೆ ಹೋದ್ರೆ ಸುಳ್ಳಾಗುತ್ತೆ."

ಅವನು ನಕ್ಕುಬಿಟ್ಟ. "ಗುರುವಾರ ಏನ್ಮಾಡ್ಲಿ ಹೇಳು."

ಹೇಳಲು ಅವಳ ನಾಲಿಗೆ ತುದಿಯಲ್ಲಿ ಎಲ್ಲ ಸಿದ್ಧವಿತ್ತು: ಎಷ್ಟು ಅಕ್ಕಿ, ಎಷ್ಟು ನೀರು, ಉರಿ ಎಷ್ಟು, ಯಾವ ಬಾಣಲೆ ತಳ ಹಿಡಿಯುತ್ತದೆ, ಎಣ್ಣೆಯ ಡಬ್ಬಿ ಎಲ್ಲಿ. ಅವಳು ಅದನ್ನೆಲ್ಲ ನುಂಗಿಕೊಂಡಳು. "ನಿಮಗೆ ತೋಚಿದ್ದು."

ಗುರುವಾರ ಬೆಳಿಗ್ಗೆ ಅತ್ತೆ ಬಟ್ಟೆಯ ಚೀಲ ಕಟ್ಟಿಕೊಂಡು ಹೊರಟು ನಿಂತರು. "ಮಗಳ ಮನೆಗೆ ಹೋಗಿ ನಾಳೆ ಬರ್ತೀನಿ. ಹಿಂದಿನಿಂದ ನೀನು, ಪಕ್ಕದಿಂದ ನಾನು, ಹೀಗೆ ನೋಡ್ತಾ ಇದ್ರೆ ಅವನು ಯಾವತ್ತು ಕಲೀತಾನೆ?" ಅಡುಗೆಮನೆಯ ಬಾಗಿಲು ದಾಟುವಾಗ ಅವರ ಬಲಗೈ ಅಭ್ಯಾಸಬಲದಿಂದ ಗ್ಯಾಸಿನ ಗುಂಡಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ಅದನ್ನು ಹಿಡಿದು ತಂದು ಚೀಲದ ಹಿಡಿಗೆ ಸಿಕ್ಕಿಸಿದರು. "ನೋಡ್ದೆಯಾ?" ಎಂದರು ಹೆಮ್ಮೆಯಿಂದ.

"ನೋಡ್ದೆ ಅತ್ತೆ. ಬಸ್ಸು ಹತ್ತಿದ ಮೇಲೆ ಫೋನ್ ಮಾಡಿ ಗುಂಡಿ ಆರಿಸಿದ್ಯಾ ಅಂತ ಕೇಳಬಾರದು ಮತ್ತೆ."

"ಅಷ್ಟೊಂದು ಆಗಲ್ಲ ನನ್ನ ಕೈಲಿ," ಎಂದು ಅತ್ತೆ ಹೊರಟರು. ಬಸ್ಸು ಹತ್ತಿದ ಮೇಲೆ ಫೋನು ಮಾಡಿ ಕೇಳಿಯೂ ಕೇಳಿದರು.

ಕಾರ್ಖಾನೆಯಲ್ಲಿ ಆ ದಿನ ಅವಳ ಬೆರಳು ಹೊಲಿಗೆಗಳ ಮೇಲೆ ಓಡುತ್ತಿದ್ದರೆ ತುಟಿ ಇಂಗ್ಲಿಷಿನಲ್ಲಿ ಓಡುತ್ತಿತ್ತು. ಈ ತೋಳಿನ ಮೇಲೆ ನನಗೆ ಸಂದೇಹ. ಈ ಗುಂಡಿ ಒಗೆತ ತಡೆಯುವುದು ಅನುಮಾನ. ಕಾಜಾ ಅಕ್ಕ ಯಂತ್ರ ನಿಲ್ಲಿಸಿ, "ಏನೇ, ಅಂಗಿಗೆ ಮಂತ್ರ ಹಾಕ್ತಿದ್ದೀಯಾ?" ಎಂದಳು. ಕೆಲಸ ಬಿಟ್ಟ ಮೇಲೆ ಗೇಟಿನವರೆಗೂ ಜೊತೆಗೆ ಬಂದು, "ಮೇಜು ಸಿಕ್ಕಿದ್ರೆ ಆ ಕುರ್ಚೀಲಿ ನನ್ನನ್ನೂ ಒಂದ್ಸಲ ಕೂರಿಸ್ಬೇಕು," ಎಂದು ಬೆನ್ನಿಗೊಂದು ಗುದ್ದಿ ಕಳಿಸಿದಳು.

ಅವಳು ಬೇಗ ಬೇಗ ನಡೆದಳು. ಬೀದಿಯ ತಿರುವು ಬಂತು.

ಅಲ್ಲಿಂದ ಅವರ ಅಡುಗೆಮನೆಯ ಕಿಟಕಿ ಕಾಣುತ್ತದೆ. ದೀಪ ಹೊತ್ತಿತ್ತು. ಕಿಟಕಿಯಿಂದ ಹೊಗೆ ಬರುತ್ತಿತ್ತು; ಹೊಗೆಯೋ, ಹಬೆಯೋ, ಆ ದೂರಕ್ಕೆ ಹೇಳಲು ಬರುವಂತಿರಲಿಲ್ಲ. ಆಮೇಲೆ ವಾಸನೆ ಬಂತು. ಅದರಲ್ಲಿ ಸಂದೇಹಕ್ಕೆ ಜಾಗವಿರಲಿಲ್ಲ. ಆಲೂಗಡ್ಡೆ ತಳ ಹಿಡಿಯುತ್ತಿತ್ತು. ಈಗ ಹೋದರೆ, ಉರಿ ಇಳಿಸಿ, ಒಂದಿಷ್ಟು ನೀರು ಚಿಮುಕಿಸಿ, ಮುಚ್ಚಳ ಮುಚ್ಚಿದರೆ ಉಳಿಯುತ್ತದೆ. ಇನ್ನು ಸ್ವಲ್ಪ ತಡವಾದರೆ ಉಳಿಯುವುದಿಲ್ಲ. ಅದು ಅವಳಿಗೆ ತನ್ನ ಹೆಸರಿನಷ್ಟು ಚೆನ್ನಾಗಿ ಗೊತ್ತಿತ್ತು. ಈ ಸಲ ಕಾರಣ ಇತ್ತು, ಪುರಾವೆ ಗಾಳಿಯಲ್ಲೇ ತೇಲಿ ಬಂದಿತ್ತು.

ಮನೆಗೆ ಹೋಗಿ ಒಂದು ಮಾತು ಹೇಳಿ ಬರಲು ಎಷ್ಟು ಹೊತ್ತು? ಆದರೆ ಹೋದ ಮೇಲೆ ಬಾಣಲೆ ಅವನ ಕೈಯಿಂದ ತನ್ನ ಕೈಗೆ ಬರುತ್ತದೆ, ಆಮೇಲೆ ಮುಂದಿನ ಗುರುವಾರವೂ ತನ್ನ ಕೈಯಲ್ಲೇ ಇರುತ್ತದೆ. ಅವಳು ಚೀಲದಿಂದ ಫೋನು ತೆಗೆದಳು. ಪರದೆಯ ಮೇಲೆ ಯಾರ ಕರೆಯೂ ಇರಲಿಲ್ಲ. ತಾನೇ ಮಾಡಲೇ ಎಂದು ಹೆಬ್ಬೆರಳು ಅವನ ಹೆಸರಿನ ಮೇಲೆ ಹೋಗಿ ನಿಂತಿತು.

ಅಷ್ಟರಲ್ಲಿ ಕಿಟಕಿಯಿಂದ ಮಗಳ ಕಿರುಚಾಟ ಕೇಳಿತು. "ಅಪ್ಪಾ, ತಿರುವಪ್ಪಾ! ಇದು ಗೋಡೆ ಅಲ್ಲ, ಒಣಗಲಿ ಅಂತ ಬಿಡೋಕೆ!"

"ನಿಲ್ಲೇ, ಎರಡನೇ ಕೋಟು ಹೊಡೀತೀನಿ, ಯಾರಿಗೂ ಗೊತ್ತಾಗಲ್ಲ!"

ಆಮೇಲೆ ಇಬ್ಬರೂ ನಗುವ ಸದ್ದು. ಮಗಳದು ಕೀಚು ದನಿ, ಅವನದು ಹೊಟ್ಟೆಯಿಂದ ಬರುವ ನಗು, ಅದರ ಹಿಂದೆ ಸೌಟು ಬಾಣಲೆಯನ್ನು ಗರಗರ ಕೆರೆಯುವ ಶಬ್ದ. ತಾನು ಒಳಗೆ ಕಾಲಿಟ್ಟರೆ ಅವರ ನಗು ನಿಲ್ಲುತ್ತದೆ, ಇಬ್ಬರೂ ಸಿಕ್ಕಿಬಿದ್ದವರ ಹಾಗೆ ತನ್ನ ಮುಖ ನೋಡುತ್ತಾರೆ ಎಂದು ಅವಳಿಗೆ ಅನ್ನಿಸಿತು.

ಪಕ್ಕದ ಮನೆಯ ಬೆಕ್ಕು ಕಾಂಪೌಂಡಿನ ಮೇಲೆ ಕೂತು ಮೂಗು ಅರಳಿಸಿ, ಮುಖ ಸಿಂಡರಿಸಿ, ಇಳಿದು ಹೋಯಿತು.

ಅವಳು ಫೋನನ್ನು ಚೀಲದ ತಳಕ್ಕೆ, ಖಾಲಿ ಊಟದ ಡಬ್ಬಿಯ ಕೆಳಗೆ ಹಾಕಿದಳು. ತಿರುವಿನಲ್ಲಿ ತಿರುಗದೆ ನೇರವಾಗಿ ನಡೆದಳು. ಸುಟ್ಟ ವಾಸನೆ ಸೈಕಲ್ ಅಂಗಡಿಯವರೆಗೂ ಬೆನ್ನು ಹತ್ತಿ ಬಂತು. ಮೆಟ್ಟಿಲು ಹತ್ತುವಾಗ ಒಮ್ಮೆ ಕಾಲು ತಡೆಯಿತು, ಅವಳು ನಿಲ್ಲಲಿಲ್ಲ. ಮೇಲೆ ಟ್ಯಾಕ್ಸಿ ಚಾಲಕನ ಇಲಿ ದನಿಯ ಇಂಗ್ಲಿಷು ಕೇಳಿಸುತ್ತಿತ್ತು. ಅವಳು ಬಾಗಿಲು ತಳ್ಳಿ ಒಳಗೆ ಹೋಗಿ, ತನ್ನ ಬೆಂಚಿನಲ್ಲಿ ಕಾಲು ಚಾಚಿ ಕೂತುಕೊಂಡಳು.